ಗುಳಿಗೆ ರಾತ್ರಿಗಾಯಿತು, ಹಗಲಿಗೇನು?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಉತ್ತರ ಕನ್ನಡದ ತಾಲ್ಲೂಕುಗಳು. ಕಾಗದಪತ್ರದ ಕೆಲಸವಿದ್ದರೆ ಜನ ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತಾರೆ. ಆಸ್ಪತ್ರೆಯ ಮಾತು ಬಂದರೆ ಮಾತ್ರ ಹೆಚ್ಚಿನವರು ಹತ್ತುವ ಬಸ್ಸು ಹುಬ್ಬಳ್ಳಿ, ಧಾರವಾಡದ್ದು. ಮನಸ್ಸಿನ ಕಾಯಿಲೆಯಾದರಂತೂ ಬೇರೆ ಊರಿನ ಹೆಸರೇ ಬಾಯಿಗೆ ಬರುವುದಿಲ್ಲ. "ಇವನ್ನ ಧಾರವಾಡಕ್ಕ ತೋರಸ್ರಿ" ಎಂಬುದು ಈ ಸೀಮೆಯಲ್ಲಿ ಸಂಕಟದಲ್ಲಿರುವ ಮನೆಗೆ ಕೊಡುವ ಸಲಹೆಯೂ ಹೌದು, ಕಟ್ಟೆಯ ಮೇಲೆ ಗೆಳೆಯನನ್ನು ಚೇಷ್ಟೆ ಮಾಡುವ ಮಾತೂ ಹೌದು. ಅಲ್ಲಿನ ಆಸ್ಪತ್ರೆ 1845ರಷ್ಟು ಹಳೆಯದು. ಬ್ರಿಟಿಷರ ಕಾಲದ ಆ ಹುಚ್ಚಾಸ್ಪತ್ರೆ ಇವತ್ತು ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ.

ಆಸ್ಪತ್ರೆಯಿಂದ ಆಗಬೇಕಾದ ಕೆಲಸ ದೊಡ್ಡದೇ. ಸ್ಕಿಜೋಫ್ರೇನಿಯಾದಲ್ಲಿ ಕಿವಿಗೆ ಯಾರದೋ ದನಿ ಕೇಳಿಸುವುದು, ಊರೆಲ್ಲ ತನ್ನ ವಿರುದ್ಧ ಸಂಚು ಮಾಡುತ್ತಿದೆ ಎಂಬ ಸಂಶಯ ಬಲಿಯುವುದು, ನಾಲ್ಕೈದು ರಾತ್ರಿ ಕಣ್ಣು ಮುಚ್ಚದಿರುವುದು, ಇವೆಲ್ಲ ಸರಿಯಾದ ಔಷಧ ಬಿದ್ದರೆ ಬಹುಮಂದಿಗೆ ಕೆಲವು ವಾರಗಳಲ್ಲಿ ಹತೋಟಿಗೆ ಬರುತ್ತವೆ. ಅತಿಯಾದ ಹುರುಪು, ಅತಿಯಾದ ಕುಸಿತ ಸರದಿಯ ಮೇಲೆ ಬರುವ ಬೈಪೋಲಾರ್ ಕಾಯಿಲೆಗೂ ಒಳ್ಳೆಯ ಔಷಧಗಳಿವೆ. ಡಾಕ್ಟರು ಡಿಸ್ಚಾರ್ಜ್ ಚೀಟಿ ಬರೆದು, ಒಂದು ತಿಂಗಳ ಗುಳಿಗೆ ಕೊಟ್ಟು ಕಳಿಸುತ್ತಾರೆ. ಅವರ ಪಾಲಿನ ಕೆಲಸ ಅಲ್ಲಿಗೆ ಬಹುಪಾಲು ಮುಗಿಯಿತು. ನಮ್ಮದು ಅಲ್ಲಿಂದ ಶುರು. ನಾವು ಸೋಲುತ್ತಿರುವುದೂ ಅಲ್ಲೇ.

ಮುಂಡಗೋಡ ತಾಲ್ಲೂಕಿನ ಒಂದು ಮನೆ ಎಂದಿಟ್ಟುಕೊಳ್ಳೋಣ. ಇಪ್ಪತ್ನಾಲ್ಕರ ಹುಡುಗ. ಗೋವಾದಲ್ಲಿ ಕೆಲಸಕ್ಕಿದ್ದಾಗ ಕಾಯಿಲೆ ಶುರುವಾಗಿ, ಜೊತೆಯವರು ಊರಿಗೆ ತಂದು ಬಿಟ್ಟು, ಧಾರವಾಡ ಆಗಿ, ಈಗ ಮನೆಗೆ ಬಂದು ಒಂದು ತಿಂಗಳು. ಬೆಳಿಗ್ಗೆ ಎಂಟಕ್ಕೆ ಅಪ್ಪ ಅವ್ವ ಗೋವಿನಜೋಳದ ಹೊಲಕ್ಕೆ ಹೋಗುತ್ತಾರೆ, ತಂಗಿ ಶಾಲೆಗೆ. ಇವನು ಹತ್ತಕ್ಕೆ ಏಳುತ್ತಾನೆ. ಮುಚ್ಚಿಟ್ಟ ರೊಟ್ಟಿ ತಿಂದು ಕಟ್ಟೆಗೆ ಬಂದು ಕೂರುತ್ತಾನೆ. ದಾರಿಯಲ್ಲಿ ಹೋಗುವವರು ಕೇಳುವುದು ಒಂದೇ: "ಗುಳಗಿ ತಗೊಂಡ್ಯೇನೋ ತಮ್ಮಾ?" ಮಳೆ ಹೇಗಿದೆ, ಎಮ್ಮೆ ಈಯಿತೇ, ನಿನ್ನೆ ಕ್ರಿಕೆಟ್ಟಿನಲ್ಲಿ ಯಾರು ಗೆದ್ದರು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಮದುವೆ ಮನೆಯ ಕರೆಯೋಲೆ ಮನೆಗೆ ಬರುತ್ತದೆ, ಅವನನ್ನು ಮಾತ್ರ ಬಿಟ್ಟುಹೋಗುತ್ತಾರೆ. ಅಲ್ಲಿ ಏನಾದರೂ ಮಾಡಿಬಿಟ್ಟರೆ? ಸಂಜೆ ಹೊಲದಿಂದ ದಣಿದು ಬಂದ ಅವ್ವನಿಗೆ ಖಾಲಿ ಕೊಡ ಕಾಣುತ್ತದೆ. "ಒಂದ ಕೊಡ ನೀರ ತಂದಿಡಾಕ ಆಗಲಿಲ್ಲೇನೋ? ಕುಂತಲ್ಲೇ ಕುಂದರತಿ" ಎನ್ನುತ್ತಾಳೆ. ಅಪ್ಪ ಇನ್ನೂ ಖಾರವಾಗಿ ಹೇಳುತ್ತಾನೆ, ಇಲ್ಲವೇ ಏನೂ ಹೇಳದೆ ಎದ್ದು ಹೋಗುತ್ತಾನೆ. ಎರಡೂ ಒಂದೇ.

ಇಲ್ಲಿ ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಒಂದು ಸಂಗತಿಯನ್ನು ಆ ಮನೆಗೆ ಯಾರೂ ಬಿಡಿಸಿ ಹೇಳಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಎರಡು ಮುಖ. ಕೂಗಾಟ, ಸಂಶಯ, ಕೇಳಿಸುವ ದನಿ ಎಲ್ಲರ ಕಣ್ಣಿಗೂ ಬೀಳುವ ಮುಖ. ಗುಳಿಗೆ ಚೆನ್ನಾಗಿ ಕೆಲಸ ಮಾಡುವುದು ಇದರ ಮೇಲೆ. ಇನ್ನೊಂದು, ಯಾವುದರಲ್ಲೂ ಉಮೇದಿಲ್ಲದಿರುವುದು, ಎದ್ದು ಒಂದು ಕೆಲಸ ಹಿಡಿಯಲು ಆಗದಿರುವುದು, ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವ ಕಾಣದಿರುವುದು. ಇದೂ ಕಾಯಿಲೆಯೇ, ಮೈಗಳ್ಳತನವಲ್ಲ. ಇದರ ಮೇಲೆ ಔಷಧದ ಪ್ರಭಾವ ಕಡಿಮೆ. ಜೊತೆಗೆ ಕೆಲವು ಗುಳಿಗೆಗಳಿಂದ ತೂಕಡಿಕೆ, ಕೈನಡುಕ, ಮೈ ಬಿಗಿತ, ತೂಕ ಏರುವುದು ಬೇರೆ. ಜನ ಇವನ್ನೆಲ್ಲ 'ನಿದ್ದಿ ಗುಳಗಿ' ಎಂದು ಕರೆಯುವುದು ಸುಮ್ಮನೆ ಅಲ್ಲ. ಮನೆಯವರ ಕಣ್ಣಿಗೆ ಹುಡುಗ ಸೋಮಾರಿ. ಹುಡುಗನ ಕಣ್ಣಿಗೆ ಆ ಸೋಮಾರಿತನಕ್ಕೆ ಗುಳಿಗೆಯೇ ಕಾರಣ. ಒಂದು ದಿನ ಗುಳಿಗೆ ಹಿತ್ತಲಿಗೆ ಬೀಳುತ್ತದೆ. ಕೆಲವು ತಿಂಗಳಿಗೆ ಮತ್ತೆ ಧಾರವಾಡದ ಬಸ್ಸು.

ಹೆಣ್ಣುಮಕ್ಕಳ ಕಥೆ ಬೇರೆ, ಇನ್ನೂ ಕಷ್ಟದ್ದು. ಆಸ್ಪತ್ರೆಯಿಂದ ಬಂದ ಹೆಣ್ಣಿಗೆ ಮರುದಿನದಿಂದಲೇ ಒಲೆ ಮುಂದೆ ಕೆಲಸ ಇರುತ್ತದೆ, ಹಾಗಾಗಿ 'ಆರಾಮಾಗ್ಯಾಳ' ಎನ್ನುತ್ತಾರೆ. ಆಕೆ ಮಾಡಲಾರದೆ ಹೋದಳೋ, ತವರಿಗೆ ಬಿಟ್ಟು ಬರುತ್ತಾರೆ. ತವರಿನಲ್ಲಿ ಅಣ್ಣ ಅತ್ತಿಗೆಯ ಸಂಸಾರ. ಅಲ್ಲಿಂದ ಮುಂದೆ ಆಕೆಗೆ ಊರೆಂಬುದೇ ಇಲ್ಲ.

ಮನೆಯ ವಾತಾವರಣಕ್ಕೂ ಕಾಯಿಲೆ ಮರುಕಳಿಸುವುದಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ನೋಡಿದವರು ಲಂಡನ್ನಿನ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು. ಆಸ್ಪತ್ರೆಯಿಂದ ಮನೆಗೆ ಹೋದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಒಂಬತ್ತು ತಿಂಗಳು ಗಮನಿಸಿ ಅವರು 1972ರಲ್ಲಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಪಾಠದಲ್ಲಿದೆ. ದಿನವೂ ಟೀಕೆ, ಹಂಗಿಸುವಿಕೆ, ಇಲ್ಲವೇ ಉಸಿರುಗಟ್ಟಿಸುವಷ್ಟು ಕಾಳಜಿ ಇದ್ದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ತಿರುಗಿ ಬಂತು. ಸಮಾಧಾನದ ಮನೆಗಳಲ್ಲಿ ಆರರಲ್ಲಿ ಒಬ್ಬರಿಗಷ್ಟೇ. ಅತಿ ಕಾಳಜಿಯೂ ಟೀಕೆಯ ಸಾಲಿಗೇ ಸೇರಿದ್ದನ್ನು ನಮ್ಮ ತಾಯಂದಿರು ಗಮನಿಸಬೇಕು. ಮೂವತ್ತರ ಮಗನಿಗೆ ಊಟ ಕಲಸಿ ಕೊಡುವುದು, ಅಂಗಡಿಗೂ ಒಬ್ಬನನ್ನೇ ಬಿಡದಿರುವುದು ಅವನನ್ನು ಬೈದಷ್ಟೇ ಕುಗ್ಗಿಸಬಲ್ಲದು.

ಆ ಸರಣಿಯ ಅಧ್ಯಯನಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಅಂಶ. ಟೀಕೆಯ ಮನೆಯಲ್ಲಿದ್ದೂ ವಾರಕ್ಕೆ 35 ತಾಸಿಗಿಂತ ಕಡಿಮೆ ಹೊತ್ತು ಮನೆಯವರ ಮುಖಾಮುಖಿ ಇದ್ದವರು ಹೆಚ್ಚು ಚೇತರಿಸಿಕೊಂಡರು. ದಿನಕ್ಕೆ ಐದು ತಾಸು ಎಂದಾಯಿತು. ಮನೆಯವರ ಸ್ವಭಾವ ಬದಲಿಸುವುದು ವರ್ಷಗಳ ಕೆಲಸ. ಆದರೆ ಹಗಲಲ್ಲಿ ಕೆಲವು ತಾಸು ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಬಿಡುವು ಸಿಗುವಂತೆ ಮಾಡುವುದು ನಾಳೆಯೇ ಆಗಬಹುದಾದ್ದು. ಗುಳಿಗೆ ರಾತ್ರಿಯನ್ನು ನೋಡಿಕೊಳ್ಳುತ್ತದೆ. ಹತ್ತರಿಂದ ಐದರವರೆಗಿನ ಹಗಲನ್ನು ಯಾರು ನೋಡಿಕೊಳ್ಳಬೇಕು ಎಂಬುದೇ ಈ ಬರಹದ ಪ್ರಶ್ನೆ.

"ನಮ್ಮ ಹಳ್ಳಿ ಇದೆಯಲ್ಲ" ಎಂದು ಉತ್ತರ ಹೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಶುರುಮಾಡಿದ ಅಧ್ಯಯನದಲ್ಲಿ ನಮ್ಮ ಆಗ್ರಾದ ರೋಗಿಗಳು ಯುರೋಪಿನವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು ಎಂಬುದು ನಿಜ. ಮುಂದೆ ಚಂಡೀಗಡದಲ್ಲಿ ನೋಡಿದಾಗ ನಮ್ಮ ಮನೆಗಳಲ್ಲಿ ಟೀಕೆಯ ಪ್ರಮಾಣವೂ ಕಡಿಮೆ ಎಂದು ಕಂಡಿತು. ಕೂಡು ಕುಟುಂಬ, ಊರ ಒಡನಾಟ ಎಂದು ನಾವು ಬೆನ್ನು ತಟ್ಟಿಕೊಂಡೆವು. ಆಮೇಲೆ ಆ ತೀರ್ಮಾನವನ್ನು ಪ್ರಶ್ನಿಸಿದ ಸಂಶೋಧಕರೂ ಬಂದರು. ಅದೇನೇ ಇರಲಿ, ಅಂದಿನ ಆಗ್ರಾದ ಹೆಸರು ಹೇಳಿಕೊಂಡು ಇಂದಿನ ಮುಂಡಗೋಡದಲ್ಲಿ ಸುಮ್ಮನೆ ಕೂರುವುದು ನ್ಯಾಯವಲ್ಲ. ಹುಡುಗರು ಕಲ್ಲು ಹೊಡೆಯುವುದೂ ಹಳ್ಳಿಯಲ್ಲೇ, ಹಿತ್ತಲಿನ ಕೋಣೆಗೆ ಚಿಲಕ ಹಾಕುವುದೂ ಹಳ್ಳಿಯಲ್ಲೇ. "ಮದುವಿ ಮಾಡಿಬಿಡ್ರಿ, ಸರಿಹೋಗತಾನ" ಎಂದು ಇನ್ನೊಂದು ಹೆಣ್ಣಿನ ಬಾಳನ್ನೂ ಪಣಕ್ಕಿಡುವುದು ಇದೇ ಹಳ್ಳಿ. ಹಳ್ಳಿ ತಾನಾಗಿ ಆಸರೆಯಾಗುವುದಿಲ್ಲ. ಆಸರೆಯಾಗುವಂತೆ ಅದನ್ನು ಒಗ್ಗಿಸಬೇಕಾಗುತ್ತದೆ.

ಒಗ್ಗಿದ ಜಾಗ ಏನು ಮಾಡಬಲ್ಲದು ಎಂಬುದಕ್ಕೆ ಒಂದು ವಿಚಿತ್ರ ಸಾಕ್ಷಿ ತಮಿಳುನಾಡಿನ ಹಳ್ಳಿಯ ಒಂದು ಗುಡಿಯಿಂದ ಬಂದಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಆರ್. ರಘುರಾಮ್ ಮತ್ತು ಸಂಗಡಿಗರು, ಅಲ್ಲಿಗೆ ಬಂದು ಕೆಲವು ವಾರ ತಂಗಿದ್ದ 31 ಮಂದಿ ರೋಗಿಗಳನ್ನು ಬಂದಾಗೊಮ್ಮೆ, ಹೊರಡುವಾಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಇದ್ದದ್ದು ಸ್ಕಿಜೋಫ್ರೇನಿಯಾ. ಅಲ್ಲಿ ಔಷಧ ಕೊಡುತ್ತಿರಲಿಲ್ಲ. ದೆವ್ವ ಬಿಡಿಸುವ, ಮಾಟ ತೆಗೆಯುವ ಕ್ರಿಯೆಯೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿರಬೇಕು, ಬೆಳಗಿನ ಪೂಜೆಗೆ ಬರಬೇಕು, ಆಮೇಲೆ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವಂಥ ಸಣ್ಣ ಕೆಲಸ. ಹೊರಡುವ ಹೊತ್ತಿಗೆ ರೋಗಲಕ್ಷಣ ಸುಮಾರು ಶೇ 20ರಷ್ಟು ಇಳಿದಿತ್ತು. ಕೆಲವು ಔಷಧಗಳ ಪರೀಕ್ಷೆಯಲ್ಲಿ ಕಾಣುವಷ್ಟೇ ಇಳಿಕೆ ಇದು.

ಇದನ್ನು ಓದಿ 'ನೋಡಿ, ದೇವರ ಮಹಿಮೆ' ಎಂದು ಗುಳಿಗೆ ಬಿಡಿಸುವವರು ಹುಟ್ಟಿಕೊಳ್ಳಬಾರದು. ಅದು ಸಣ್ಣ ಅಧ್ಯಯನ, ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಕೆಲವರು ಹೇಗಿದ್ದರೂ ಸುಧಾರಿಸುತ್ತಿದ್ದರೇನೋ. ಸಂಶೋಧಕರೂ ಮಹಿಮೆಯ ಮಾತಾಡಲಿಲ್ಲ. ಹೆದರಿಸದ, ಭರವಸೆ ಕೊಡುವ ಜಾಗದಲ್ಲಿ ಇದ್ದದ್ದೇ ಗುಣಕ್ಕೆ ಕಾರಣವಿರಬಹುದು ಎಂದರು. ಅದೇ ರಾಜ್ಯದ ಏರ್ವಾಡಿಯ ಹೆಸರು ಇದರ ಪಕ್ಕದಲ್ಲೇ ನೆನಪಾಗಬೇಕು. ದರ್ಗಾಕ್ಕೆಂದು ಕರೆತಂದ ರೋಗಿಗಳನ್ನು ಸುತ್ತಲಿನ ಖಾಸಗಿ 'ಮನೆ'ಗಳಲ್ಲಿ ಕಟ್ಟಿಹಾಕುತ್ತಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಗರಿಯ ಮಾಡಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗದೆ 28 ಮಂದಿ ಸತ್ತರು. ಗುಡಿ ದರ್ಗಾ ಎಂಬ ಭೇದ ಇಲ್ಲಿ ನಗಣ್ಯ. ಒಂದು ಕಡೆ ಕೈಗೆ ಕಸಬರಿಗೆ ಕೊಟ್ಟಿದ್ದರು, ಇನ್ನೊಂದು ಕಡೆ ಕಾಲಿಗೆ ಸರಪಳಿ ಹಾಕಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ನಮ್ಮ ಸೀಮೆಯ ಗುಡಿ, ದರ್ಗಾ, ಚರ್ಚುಗಳಿಗೆ ರೋಗಿಗಳನ್ನು ಕರೆದೊಯ್ಯುವವರು ಹೋಗಲಿ, ತಪ್ಪಿಲ್ಲ. ಗುಳಿಗೆಯ ಚೀಲ ಜೊತೆಗಿರಲಿ, ಹಗ್ಗ ಮನೆಯಲ್ಲಿರಲಿ.

ಗುಡಿಯ ದೃಷ್ಟಾಂತ ಬೇಡ ಎನ್ನುವವರಿಗೆ ನಮ್ಮದೇ ಮಲೆನಾಡಿನ ತೀರ್ಥಹಳ್ಳಿ ಇದೆ. ಶಿವಮೊಗ್ಗ ಜಿಲ್ಲೆಯ ಆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ 2005ರ ಹೊತ್ತಿಗೆ ಕೆಲಸ ಶುರುಮಾಡಿತು. ಜಗದೀಶ ತೀರ್ಥಹಳ್ಳಿ, ಬಿ.ಎನ್. ಗಂಗಾಧರ್, ಸಿ. ನವೀನ್ ಕುಮಾರ್ ಇವರೆಲ್ಲ ಅದರಲ್ಲಿದ್ದವರು. ರೋಗಿ ಬೆಂಗಳೂರಿಗೆ ಬರಲಿ ಎಂದು ಕಾಯದೆ, ತಾಲ್ಲೂಕಿನೊಳಗೆ ಸ್ಕಿಜೋಫ್ರೇನಿಯಾ ಇರುವವರನ್ನು ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿ, ಅಲ್ಲೇ ಔಷಧ ಕೊಟ್ಟು, ಮನೆಯವರಿಗೆ ಕಾಯಿಲೆಯನ್ನು ತಿಳಿಸಿ ಹೇಳಿ, ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಂಡರು. ಔಷಧ ಪಡೆದವರಲ್ಲಿ ಅಸಾಮರ್ಥ್ಯದ ಪ್ರಮಾಣ ಪಡೆಯದವರಿಗಿಂತ ಕಡಿಮೆ ಎಂಬುದು ಅಲ್ಲಿ ಖಚಿತವಾಯಿತು. ಇನ್ನೂ ಸಂತೋಷದ ಸಂಗತಿ, ಕೆಲವು ವರ್ಷಗಳ ನಂತರ ನೋಡಿದಾಗ ಅವರಲ್ಲಿ ಹೆಚ್ಚಿನವರು ಏನಾದರೊಂದು ಕೆಲಸ ಮಾಡುತ್ತಿದ್ದರು, ಬಹುಪಾಲು ಕೃಷಿಯದೇ.

ಕೃಷಿಯಲ್ಲಿ ಒಂದು ಸೌಕರ್ಯವಿದೆ. ಕಾರ್ಖಾನೆಯ ಕೆಲಸಕ್ಕೆ ಸೈರನ್ ಇರುತ್ತದೆ, ತಡವಾದರೆ ಗೇಟು ಹಾಕುತ್ತಾರೆ. ಅಡಿಕೆ ಸುಲಿಯುವ ಅಂಗಳದಲ್ಲಿ ಹಾಗಿಲ್ಲ. ಹತ್ತು ಮಂದಿ ಕತ್ತಿಮಣೆ ಹಿಡಿದು ಕೂತಿರುತ್ತಾರೆ, ಹನ್ನೊಂದನೆಯವನು ತಡವಾಗಿ ಬಂದರೂ ಜಾಗ ಇರುತ್ತದೆ. ಅವನು ಮಾತಾಡದಿದ್ದರೂ ನಡೆಯುತ್ತದೆ, ಯಾಕೆಂದರೆ ಉಳಿದವರು ಮಾತಾಡುತ್ತಿರುತ್ತಾರೆ. ಕತ್ತಿ ಕೊಡಲು ಮನಸ್ಸು ಹಿಂಜರಿದರೆ ಸಿಪ್ಪೆ ಬಾಚುವ ಕೆಲಸ ಕೊಡಬಹುದು. ಅರ್ಧ ದಿನ ಮಾಡಿದರೆ ಅರ್ಧ ಕೂಲಿ. ಆ ಅರ್ಧ ಕೂಲಿಯನ್ನು ಅವನ ಕೈಗೇ ಕೊಡಬೇಕು, ಅಪ್ಪನ ಕೈಗಲ್ಲ. ಹಳಿಯಾಳ, ಮುಂಡಗೋಡದ ಗದ್ದೆಗಳಲ್ಲಿ, ಕಬ್ಬಿನ ಹೊಲಗಳಲ್ಲಿ, ಜೋಯಿಡಾದ ಗಡ್ಡೆ ಗೆಣಸಿನ ಹಿತ್ತಲುಗಳಲ್ಲಿ ಇಂಥ ಬಿಡಿ ಕೆಲಸಗಳಿಗೆ ಬರವಿಲ್ಲ. ಗೌಳಿ ದೊಡ್ಡಿಗಳಲ್ಲಿ ಎಮ್ಮೆಯ ಹಿಂದೆ ಇಬ್ಬರು ಹೋಗುವಲ್ಲಿ ಮೂರನೆಯವನಾಗಿ ಹೋಗಬಹುದು. ಸಿದ್ದಿ ಹೆಂಗಸರು ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವಲ್ಲಿ ಒಂದು ಅಂಚು ಹಿಡಿದು ಕೂರಬಹುದು. ಕರೆಯುವವರಿಲ್ಲ, ಅಷ್ಟೇ.

ಇನ್ನು ನಮ್ಮ ನಾಲ್ಕು ತಾಲ್ಲೂಕಿನ ಸ್ಥಿತಿ. ಇವುಗಳದ್ದು ಒಂದೊಂದು ತೊಡಕು. ಜೋಯಿಡಾ ವಿಸ್ತಾರದಲ್ಲಿ ದೊಡ್ಡದು, ಜನ ಸುಮಾರು ಐವತ್ತು ಸಾವಿರ. ಹುಲಿ ಸಂರಕ್ಷಿತ ಕಾಡಿನ ನಡುವೆ ಚದುರಿದ ಮಜಿರೆಗಳು, ಬಸ್ಸು ಬಂದರೆ ಬಂತು. ಅದೇ ತಾಲ್ಲೂಕಿನ ರಾಮನಗರ, ಸೂಪಾ ಅಣೆಕಟ್ಟೆಯಲ್ಲಿ ಮನೆ ಮುಳುಗಿಸಿಕೊಂಡವರು ಬಂದು ನೆಲೆಸಿದ ಊರು. ನೆರೆಹೊರೆ ಕಳೆದುಕೊಳ್ಳುವುದೆಂದರೇನು ಎಂದು ಅಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಾಂಡೇಲಿ ಕಾಗದ ಕಾರ್ಖಾನೆಯ ಸುತ್ತ ಬೆಳೆದ ಊರು. ನಾಡಿನ ಮೂಲೆ ಮೂಲೆಯಿಂದ ಬಂದವರಿದ್ದಾರೆ, ಬಂಧುಬಳಗ ದೂರ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ಡೊಗುಲಿಂಗ್ ವಸಾಹತು ಇದೆ. ಮನೆಯವರಿಲ್ಲದ ಮುದುಕರಿಗೆ ಅವರು ವೃದ್ಧಾಶ್ರಮ ಕಟ್ಟಿಕೊಂಡಿದ್ದಾರೆ. ದೇಶ ಕಳೆದುಕೊಂಡವರು ಒಬ್ಬರನ್ನೊಬ್ಬರು ಬಿಡದಿರುವ ಬಗೆಯನ್ನು ಪಕ್ಕದೂರಿನವರಾದ ನಾವು ಅಷ್ಟಾಗಿ ಗಮನಿಸಿಲ್ಲ.

ಭಾಷೆಯ ತೊಡಕು ಇನ್ನೊಂದು. ಈ ಸೀಮೆಯ ಕುಣಬಿ, ಸಿದ್ದಿ ಮನೆಗಳಲ್ಲಿ ಕೊಂಕಣಿಯ ಬಗೆಗಳು, ಗೌಳಿಗರಲ್ಲಿ ಮರಾಠಿಯ ಬಗೆ, ತಾಂಡಾಗಳಲ್ಲಿ ಲಂಬಾಣಿ. ಕಾಲುಮುರಿತಕ್ಕೆ ಭಾಷೆ ಅಷ್ಟಾಗಿ ಬೇಕಿಲ್ಲ, ಎಕ್ಸ್‌ರೇ ಇದೆ. ಮನಸ್ಸಿನ ಕಾಯಿಲೆಗೆ ಮಾತೇ ಎಕ್ಸ್‌ರೇ. "ಯಾರೂ ಇಲ್ಲದಾಗ ದನಿ ಕೇಳಸ್ತೈತೇನು?" ಎಂದು ಡಾಕ್ಟರು ಕನ್ನಡದಲ್ಲಿ ಕೇಳಿದ್ದಕ್ಕೆ ಕಾಡಿನ ಮಜಿರೆಯಿಂದ ಬಂದ ಹೆಂಗಸು ಸುಮ್ಮನೆ ತಲೆಯಾಡಿಸುತ್ತಾಳೆ. ಅವಳ ಮಾತು ಬಲ್ಲ ಆಶಾ ಕಾರ್ಯಕರ್ತೆ ಪಕ್ಕದಲ್ಲಿದ್ದರೆ ಅರ್ಧ ಚಿಕಿತ್ಸೆ ಅಲ್ಲೇ ಆಯಿತು.

ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಈಗ ದೇಶದೆಲ್ಲೆಡೆ ನಡೆಯುತ್ತಿರುವುದರ ಮೂಲ ಮಾದರಿ ನಮ್ಮ ಬಳ್ಳಾರಿಯದು. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ತೋರಿಸಿದ್ದನ್ನು 1996ರಲ್ಲಿ ಕೇಂದ್ರ ಸರ್ಕಾರ ಎತ್ತಿಕೊಂಡಿತು. 2014ರಲ್ಲಿ ರಾಜ್ಯ ತಂದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶ, ಮಂಗಳವಾರ ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರಬೇಕು ಎಂಬುದು. ಗುಳಿಗೆ ಪುಕ್ಕಟೆ. ಆದರೂ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಹತ್ತಕ್ಕೊಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಇಲ್ಲ. ಒಂದು ಚಿಕ್ಕ ವಿಪರ್ಯಾಸವನ್ನೂ ಹೇಳಿಬಿಡುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಆಸ್ಪತ್ರೆಗೆ ಕರೆದೊಯ್ಯುವ ಅವ್ವನಿಗೆ ಟಿಕೆಟಿಲ್ಲ, ರೋಗಿ ಮಗನಿಗೆ ಇದೆ.

ಹಗಲಿನ ಪ್ರಶ್ನೆಗೂ ಕಾಗದದ ಮೇಲೆ ಉತ್ತರ ಇದೆ. 'ಮಾನಸಧಾರ' ಎಂಬ ಹಗಲು ಆರೈಕೆ ಕೇಂದ್ರಗಳ ಯೋಜನೆ ರಾಜ್ಯದ್ದೇ. ಬೆಳಿಗ್ಗೆ ಬಂದು, ಕೆಲಸ ಕಲಿತು, ಜೊತೆಯವರೊಂದಿಗೆ ಉಂಡು, ಸಂಜೆ ಮನೆಗೆ ಹೋಗುವುದು. ಯೋಚನೆ ಒಳ್ಳೆಯದು. ಆದರೆ ಅದನ್ನು ರೂಪಿಸಿದ್ದು ಜಿಲ್ಲೆಯ ಲೆಕ್ಕದಲ್ಲಿ. ಮುಂಡಗೋಡದಿಂದ ಕಾರವಾರ ನೂರು ಕಿಲೋಮೀಟರಿಗೂ ಹೆಚ್ಚು, ಹಳಿಯಾಳದಿಂದಲೂ ಅಷ್ಟೇ. ದಿನಾ ಬೆಳಿಗ್ಗೆ ಘಟ್ಟ ಇಳಿದು ಸಂಜೆ ಹತ್ತುವ ಹಗಲು ಕೇಂದ್ರ ನಮಗೆ ಉಪಯೋಗವಿಲ್ಲ. ಬಯಲುಸೀಮೆಯ ಜಿಲ್ಲೆಗೆ ಸರಿಹೋಗುವ ಅಳತೆ ಉತ್ತರ ಕನ್ನಡಕ್ಕೆ ಸರಿಹೋಗುವುದಿಲ್ಲ ಎಂಬುದನ್ನು ನಾವು ಎಷ್ಟನೆಯ ಸಲ ಬರೆಯಬೇಕೋ.

ಇಲ್ಲಿ ಬೇಕಿರುವುದು ತಾಲ್ಲೂಕಿಗೊಂದು, ಸಾಧ್ಯವಾದರೆ ಹೋಬಳಿಗೊಂದು ಸಣ್ಣ ಜಾಗ. ಕಟ್ಟಡ ಹೊಸದು ಬೇಡ, ಮಕ್ಕಳಿಲ್ಲದೆ ಮುಚ್ಚಿದ ಶಾಲೆ ಕೋಣೆಗಳು ಬೇಕಾದಷ್ಟಿವೆ. ನ್ಯೂಯಾರ್ಕಿನಲ್ಲಿ 1948ರಲ್ಲಿ ಶುರುವಾದ ಫೌಂಟನ್ ಹೌಸ್ ಎಂಬ ಮನೆ ಇಂಥದ್ದೇ. ಆಸ್ಪತ್ರೆಯಿಂದ ಹೊರಬಂದವರು ಅಲ್ಲಿ ರೋಗಿಗಳಲ್ಲ, ಸದಸ್ಯರು. ಅಡುಗೆ, ಲೆಕ್ಕಪತ್ರ, ಕಸ ಎಲ್ಲವನ್ನೂ ಸಿಬ್ಬಂದಿಯ ಜೊತೆ ಸೇರಿ ಅವರೇ ನಡೆಸುತ್ತಾರೆ. ಕೆಲಸವೇ ಅಲ್ಲಿನ ಹಗಲಿನ ವೇಳಾಪಟ್ಟಿ. ನಮ್ಮಲ್ಲಿ ಅದು ರೊಟ್ಟಿ ಬಡಿಯುವ ಒಲೆಯಾಗಬಹುದು, ನರ್ಸರಿ ಗಿಡದ ಚೀಲ ತುಂಬುವ ಚಪ್ಪರವಾಗಬಹುದು, ಪತ್ರಾವಳಿ ಯಂತ್ರವಾಗಬಹುದು. ಹಳಿಯಾಳದಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಹೊಲಿಗೆ, ಹೈನುಗಾರಿಕೆ ಕಲಿಯಲು ಬರುವ ಪ್ರತಿ ತಂಡದಲ್ಲಿ ಚೇತರಿಸಿಕೊಳ್ಳುತ್ತಿರುವ ಇಬ್ಬರಿಗೆ ಜಾಗ ಸಿಕ್ಕರೂ ದೊಡ್ಡ ಆರಂಭ. ಮುಂಡಗೋಡದಲ್ಲಿ ಸಿದ್ದಿ, ಗೌಳಿ, ಲಂಬಾಣಿ ಜನರ ನಡುವೆ ಬಹುಕಾಲದಿಂದ ಇರುವ ಲೊಯೋಲ ವಿಕಾಸ ಕೇಂದ್ರದಂಥ ಸಂಸ್ಥೆಗಳಿಗೆ ಮನೆಮನೆಯ ಪರಿಚಯವಿದೆ. ಜಾಗ ನಡೆಸುವ ಕೈಗಳಿಗೆ ಕ್ಷಾಮವಿಲ್ಲ.

ಹಣದ ಮಾತು ಬರುತ್ತದೆ. ಮಾನಸಿಕ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಒಂದು. ದೀರ್ಘಕಾಲದ ಕಾಯಿಲೆಯಿಂದ ಶೇ 40ರಷ್ಟು ಅಸಾಮರ್ಥ್ಯ ಇದೆ ಎಂದು ವೈದ್ಯರು ಪ್ರಮಾಣೀಕರಿಸಿದರೆ ಗುರುತಿನ ಕಾರ್ಡು ಸಿಗುತ್ತದೆ. ಪಂಚಾಯಿತಿಗಳು ತಮ್ಮ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಅದು ವರ್ಷದ ಕೊನೆಗೆ ಎರಡು ಗಾಲಿಕುರ್ಚಿ, ನಾಲ್ಕು ಊರುಗೋಲಿಗೆ ಮುಗಿದುಹೋಗುತ್ತದೆ, ಯಾಕೆಂದರೆ ಮಾನಸಿಕ ರೋಗಿಯ ಮನೆಯವರು ಗ್ರಾಮಸಭೆಗೆ ಬಂದು ಕೇಳುವುದಿಲ್ಲ. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುತ್ತಾರೆ, ಎಲ್ಲರೂ ವಿ.ಆರ್.ಡಬ್ಲ್ಯು ಎನ್ನುತ್ತಾರೆ. ಇವರಲ್ಲಿ ಬಹುತೇಕರು ಸ್ವತಃ ಅಂಗವಿಕಲರು. ಅಲ್ಪ ಗೌರವಧನಕ್ಕೆ ದುಡಿಯುವ ಇವರು ಕಟ್ಟೆಯ ಮೇಲಿನ ಆ ಹುಡುಗನ ಪಕ್ಕ ಕೂತು ಮಾತಾಡಬಲ್ಲ ಮೊದಲ ಸರ್ಕಾರಿ ಮನುಷ್ಯ.

ಅಂಥವರ ಭೇಟಿಯಿಂದ ಎಷ್ಟು ಪ್ರಯೋಜನ ಎಂಬುದನ್ನೂ ಅಳೆದು ನೋಡಿದ್ದಾರೆ. ಜೋಯಿಡಾದ ಗಡಿಯಾಚೆಯ ಗೋವಾ ಸೇರಿದಂತೆ ಮೂರು ರಾಜ್ಯಗಳಲ್ಲಿ 282 ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ, ತರಬೇತಿ ಪಡೆದ ಊರಿನ ಕಾರ್ಯಕರ್ತರು ಮನೆಗೆ ಹೋಗಿಬರುತ್ತಿದ್ದವರಲ್ಲಿ ಸುಧಾರಣೆ ಹೆಚ್ಚು ಕಂಡಿತು. ಹೆಚ್ಚು ಎಂದರೆ ಸಾಧಾರಣ ಹೆಚ್ಚು, ಪವಾಡವಲ್ಲ. ಮೂರರಲ್ಲಿ ಗ್ರಾಮೀಣ ತಮಿಳುನಾಡಿನಲ್ಲಿ ಲಾಭ ಎದ್ದು ಕಾಣುವಂತಿತ್ತು. ನಮ್ಮ ರಾಜ್ಯದಲ್ಲೂ 2016ರಿಂದ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಲಿವ್ ಲವ್ ಲಾಫ್ ಪ್ರತಿಷ್ಠಾನ ಮತ್ತು ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆ ಇದೇ ದಾರಿ ಹಿಡಿದವು. ಯಾರೂ ಎಲ್ಲರನ್ನೂ ಗುಣಪಡಿಸಿಲ್ಲ. ಕೆಲವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಬಹಳ ಮಂದಿ ಗುಳಿಗೆ ತಗೊಳ್ಳುತ್ತ, ನಡುನಡುವೆ ಎಡವುತ್ತ, ತಮ್ಮ ಬದುಕು ತಾವು ನಡೆಸುವಷ್ಟಾಗುತ್ತಾರೆ, ಕೆಲವರಿಗೆ ಕೊನೆತನಕ ಆಸರೆ ಬೇಕು. ಆ ನಡುವಿನ ಗುಂಪು ಎತ್ತ ವಾಲುತ್ತದೆ ಎಂಬುದನ್ನು ಹಗಲು ತೀರ್ಮಾನಿಸುತ್ತದೆ.

2017ರ ಕಾಯ್ದೆಯ 19ನೇ ಕಲಮು ಸಮಾಜದಲ್ಲಿ ಬದುಕುವುದನ್ನು ರೋಗಿಯ ಹಕ್ಕು ಎಂದು ಬರೆದಿದೆ. ಮನೆಯವರು ಒಪ್ಪಲಿಲ್ಲ ಎಂದೋ, ಊರಿನಲ್ಲಿ ವ್ಯವಸ್ಥೆ ಇಲ್ಲ ಎಂದೋ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ, ಊರಿನಲ್ಲಿ ವ್ಯವಸ್ಥೆ ಮಾಡುವ ಹೊಣೆ ಸರ್ಕಾರದ್ದು. ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಹಾಗಾಗಿ ತಾಲ್ಲೂಕಿಗೊಂದು ಹಗಲು ಕೇಂದ್ರ ಕೇಳುವುದು ಬೇಡಿಕೊಳ್ಳುವ ಮಾತಲ್ಲ.

ನಾಲ್ಕೂ ತಾಲ್ಲೂಕಿನ ಪಂಚಾಯಿತಿ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ನಿಮ್ಮ ವಿ.ಆರ್.ಡಬ್ಲ್ಯು ಮತ್ತು ಆಶಾ ಅಕ್ಕಂದಿರನ್ನು ಮಾತಾಡಲು ಬಿಡಿ, ಖಾಲಿ ಬಿದ್ದ ಒಂದು ಶಾಲೆ ಕೋಣೆಯ ಕೀಲಿ ಕೊಡಿ. ಹೊಲ, ತೋಟ ಇರುವವರಲ್ಲಿ ಇನ್ನೊಂದು: ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಈ ಸುಗ್ಗಿಗೆ ಅರ್ಧ ದಿನದ ಕೆಲಸಕ್ಕೆ ಕರೆಯಿರಿ, ಕೂಲಿಯನ್ನು ಅವರ ಕೈಗೇ ಕೊಡಿ. ಮನೆಯವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯಲ್ಲಿ ಕೇಳಿಕೊಳ್ಳಿ. ಅದಕ್ಕೆ ಮೊದಲೇ ಯಾರೊಡನಾದರೂ ಮಾತಾಡಬೇಕು ಎನಿಸಿದರೆ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.